ಸೊನ್ನೆಯ ಮಟ್ಟದಲ್ಲಿ ಒಂದು ಅಂಜಿಕೆ

ಇವತ್ತು ಸೊಲ್ಲಾಪುರದ ಆಫೀಸಿನಲ್ಲಿ ಪಕ್ಕದ ಮೇಜಿನ ಸವಿತಾ ಪರದೆಗೆ ಬೈಯುತ್ತಿದ್ದಳು. ಅವಳು ಬರೆದ ಪ್ರೋಗ್ರಾಂ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ತೋರಿಸಿ ನಿಂತುಹೋಗಿತ್ತು. ಅವಳಿಗೆ ಸಿಟ್ಟು, ನನಗೆ ಎದೆ ಹಗುರ. ತಲೆ ಕೆಟ್ಟಿದೆ ಎನ್ನಬೇಡಿ, ಕಾರಣ ಹೇಳುತ್ತೇನೆ.

ಕಂಪ್ಯೂಟರಿನ ಮೆಮೊರಿಯಲ್ಲಿ ಪ್ರತಿ ಪ್ರೋಗ್ರಾಮಿಗೂ ಗಡಿ ಹಾಕಿದ ಜಾಗವಿರುತ್ತದೆ. ದಾಟಿದರೆ ಪ್ರೊಸೆಸರ್ ತಡೆಯುತ್ತದೆ, ಕರ್ನಲ್ ಎಂಬ ಯಜಮಾನ ಆ ಪ್ರೋಗ್ರಾಮನ್ನು ಅಲ್ಲೇ ಮುಗಿಸುತ್ತಾನೆ. ಸೆಗ್ಮೆಂಟೇಶನ್ ಫಾಲ್ಟ್ ಎಂದರೆ ಅದೇ. ಅಧಿಕಾರಕ್ಕೂ ಮಟ್ಟಗಳಿವೆ: ಯಜಮಾನ ಇರುವುದು ಸೊನ್ನೆಯ ಮಟ್ಟದಲ್ಲಿ, ನಮ್ಮಂಥವರ ಪ್ರೋಗ್ರಾಂ ಮೂರನೆಯದರಲ್ಲಿ. ಸೊನ್ನೆಯಲ್ಲಿ ಕೂತವರನ್ನು ತಡೆಯಲು ಯಾರೂ ಇಲ್ಲ.

ಹಿಂದೆ ನಾನು ಅಕ್ಕಲಕೋಟ ರಸ್ತೆಯ ಒಂದು ಚಾದರದ ಕಾರ್ಖಾನೆಗೆ ಪ್ರೋಗ್ರಾಂ ಬರೆದಿದ್ದೆ. ಡಿಸೈನಿಗೆ ತಕ್ಕಂತೆ ಮಗ್ಗದ ಯಾವ ನೂಲು ಎತ್ತಬೇಕೆಂದು ಹೇಳುವುದು ಅದರ ಕೆಲಸ. ಗುಂಡಿ ಒತ್ತಿದಾಗ ಮಗ್ಗ ನಿಲ್ಲಿಸುವ ಕೆಲಸ ಕರ್ನಲ್ಲಿನ ಒಳಗೆ ಬೇರೆಯೇ ಇತ್ತು.

“ಭಾಳ ಹಳೂ ನಡದೈತಿ. ಸ್ಪೀಡ್ ಪಾಯಿಜೆ, ಸ್ಪೀಡ್ ಬೇಕ್ರಿ, ಏನಾರ ಮಾಡ್ರಿ,” ಎಂದರು ಮಾಲಕರು. ನಾನೋ ಮಹಾ ಬುದ್ಧಿವಂತ. ಮೂರರಲ್ಲಿದ್ದ ಪ್ರೋಗ್ರಾಮನ್ನು ಎತ್ತಿ ಸೊನ್ನೆಗೆ, ಕರ್ನಲ್ಲಿನ ಒಳಗೇ ಹಾಕಿದೆ. ಮಗ್ಗ ಹಾರಿತು, ನಾನೂ ಹಾರಾಡಿದೆ.

ಆ ಮಗ್ಗ ನಡೆಸುತ್ತಿದ್ದವಳು ಕುಂಭಾರಿಯಿಂದ ಬರುವ ಗಂಗಕ್ಕ. ನೂಲು ಹರಿದರೆ ಗುಂಡಿ ಒತ್ತಿ ಮಗ್ಗ ನಿಲ್ಲಿಸಿ, ಬಲಗೈ ಒಳಗೆ ಹಾಕಿ ತುದಿ ಹುಡುಕುವಳು. ಎಡಗೈ ಮಾತ್ರ ಸದಾ ಮೋಟರಿನ ಬೆಲ್ಟನ್ನೇ ಬಿಡಿಸುವ ಕಬ್ಬಿಣದ ಹಿಡಿಕೆಯ ಮೇಲೆ.

“ಗುಂಡಿ ಮ್ಯಾಲ ನಂಬಿಕಿ ಇಲ್ಲೇನ್ರಿ ಅಕ್ಕಾರ?” ಎಂದು ಚೇಷ್ಟೆ ಮಾಡುತ್ತಿದ್ದೆ.

“ಮಗ್ಗ ಹೇಳಿದ್ದ ಕೇಳತೈತ್ರಿ ಸರ್. ಖರೆ, ಯಾರ ಹೇಳಾಕತ್ತಾರ ಅನ್ನೂದು ಅದಕ್ಕೇನ ಗೊತ್ತ?”

ಒಂದು ಮಧ್ಯಾಹ್ನ ನೂಲು ಹರಿದು ಮಗ್ಗ ನಿಂತಿದ್ದಾಗ ದೊಡ್ಡ ನವಿಲಿನ ಡಿಸೈನು ಹಾಕಿದೆ. ಮೆಮೊರಿಯಲ್ಲಿ ನಾನು ಬಿಟ್ಟಿದ್ದ ಜಾಗಕ್ಕಿಂತ ಅದು ಒಂದು ಸಾಲು ಹೆಚ್ಚು. ಆ ಸಾಲು ಹೋಗಿ, ‘ನಿಂತಿರು’ ಎಂದು ಬರೆದಿದ್ದ ಜಾಗದ ಮೇಲೆ ಕೂತಿತು. ಪ್ರೋಗ್ರಾಂ ಮೂರರಲ್ಲಿದ್ದರೆ ಗಡಿಯಲ್ಲೇ ಸಾಯುತ್ತಿತ್ತು. ನಿಂತಿದ್ದ ಮಗ್ಗ ದಡಕ್ಕನೆ ಹೊರಟಿತು. ಗಂಗಕ್ಕನ ಬಲಗೈ ಒಳಗಿತ್ತು.

ಅವಳ ಎಡಗೈ ಹಿಡಿಕೆ ಎಳೆಯಿತು. ಎರಡು ಬಳೆ ಒಡೆದವು, ಬೆರಳು ಐದೂ ಉಳಿದವು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನಗೆ ನೀರು ಕುಡಿಸಿದವಳೂ ಅವಳೇ.

“ಅಂಜ್ರಿ ಸರ್, ಅಂಜೂದ ಚಲೋ. ಅಂಜಿದವರ ಬೆರಳ ಉಳೀತಾವ.”

ಅಂದೇ ಪ್ರೋಗ್ರಾಮನ್ನು ಮೂರಕ್ಕೆ ಇಳಿಸಿದೆ. ಮಾಲಕರು ಗೊಣಗಿದರು, ಗೊಣಗಲಿ ಎಂದೆ. ಅಂಜಿಕೆ ಮಾತ್ರ ಇಳಿಯಲಿಲ್ಲ.

“ಸರ್, ಈ ಕಾಟಾನ ಬ್ಯಾಡ. ಕರ್ನಲ್ ಒಳಗ ಹಾಕಿ ಬಿಡೂಣೇನ್ರಿ?” ಎಂದು ಇವತ್ತು ಸವಿತಾ ಪರದೆ ತೋರಿಸಿ ಕೇಳಿದಳು.

“ಬ್ಯಾಡವಾ. ಮೂರರಾಗ ಇರ್ಲಿ.”

ಅವಳು ನನ್ನ ಮುಖ ಬಿಟ್ಟು ಮೇಜಿನ ಕೆಳಗೆ ನೋಡಿದಳು. ನಾನೂ ಬಗ್ಗಿ ನೋಡಿದೆ. ನನ್ನ ಎಡಗೈ ಯಾವಾಗಲೋ ಹೋಗಿ ಅವಳ ಕಂಪ್ಯೂಟರಿನ ಕರೆಂಟು ಬಂದ್ ಮಾಡುವ ಸ್ವಿಚ್ಚು ಹಿಡಿದಿತ್ತು.