ಹ್ಯಾಂಗರಿಗೆ ನೇತುಹಾಕಿದ ಟಿಬೆಟ್

ಕಳೆದ ತಿಂಗಳ ನನ್ನ ಅಂಕಣವೊಂದು ಶಿರಸಿಯಲ್ಲಿ ಎರಡು ಸ್ವೆಟರುಗಳ ನಡುವೆ, ಹ್ಯಾಂಗರಿಗೆ ಕ್ಲಿಪ್ ಹಾಕಿಸಿಕೊಂಡು ನೇತಾಡುತ್ತಿತ್ತು. ಬರೆಯುವವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ನೇತುಹಾಕಿದವರು ಪೆಮಾ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿದವರು. ಪ್ರತಿ ಚಳಿಗಾಲ ಶಿರಸಿಗೆ ಬಂದು ಸ್ವೆಟರ್ ಅಂಗಡಿ ಹಾಕುತ್ತಾರೆ. (ನಾವು ಟಿಬೆಟನ್ ಸ್ವೆಟರ್ ಎಂದು ಹೆಮ್ಮೆಯಿಂದ ತೊಡುವುದು ಲೂಧಿಯಾನದ ಮಾಲು. ಇರಲಿ.) ಬಸ್ಸಿನ ಬೋರ್ಡು ನೋಡಿ ನೋಡಿ ಕನ್ನಡ ಓದಲು ಕಲಿತವರು, ಈಗ ಪೇಪರನ್ನೂ ಬಿಡುವುದಿಲ್ಲ.

ಆ ಅಂಕಣದಲ್ಲಿ ನಾನು ಬರೆದದ್ದು ಇಷ್ಟು: ಟಿಬೆಟ್ ಚೀನಾದ ಭಾಗವೆಂದು ಭಾರತ ಯಾವತ್ತೂ ಒಪ್ಪಿರಲಿಲ್ಲ. ಆ ಜನರ ಹೋರಾಟಕ್ಕೆ ನೆರೆಯವರಾಗಿ ಬೆನ್ನಿಗೆ ನಿಂತಿದ್ದೆವು. ಈ ವರ್ಷ, 2003ರಲ್ಲಿ, ನಮ್ಮ ಪ್ರಧಾನಿ ಬೀಜಿಂಗಿನಲ್ಲಿ ಅದನ್ನು ಒಪ್ಪಿ ಸಹಿ ಹಾಕಿ ಮೊದಲ ಬಾರಿ ಅವರನ್ನು ಕೈಬಿಟ್ಟರು.

ಪೆಮಾ ಅದನ್ನು ತಮ್ಮ ಭಾಷೆಯಲ್ಲಿ ಅಪ್ಪನಿಗೆ ಓದಿ ಹೇಳಿದ್ದರು. "ಮೂರ್ ಸಲ ಓದಿಸಿದ್ರು ಸರ್!" ನಾನು ಉಬ್ಬಿದೆ.

ಉಬ್ಬು ಇಳಿದದ್ದು ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ಮಾಸ್ತರರು ಎದುರಾದರು.

"ಎಂತ ಬರದ್ಯೋ ಮಾರಾಯಾ? ಐವತ್ನಾಲ್ಕರಲ್ಲೇ ಸಹಿ ಹಾಕಿ ಆಗಿತ್ತಲೋ. ಧಾರವಾಡದಲ್ಲಿ ಎಂ.ಎ. ಮಾಡಿದ್ಯೋ, ಬರೀ ಪೇಡಾ ತಿಂದ್ಯೋ?"

"ಇಲ್ಲೆ ಸರ್, ಎಂಗೆ ಸಮಾ ನೆನಪಿದ್ದು" ಎಂದು ನನ್ನ ನೆನಪನ್ನೇ ನಂಬಿ ವಾದಿಸಿದೆ.

ಇಸಳೂರಿನ ಮನೆಗೆ ಬಂದು ಎಂ.ಎ. ಪ್ರಬಂಧದ ಹಸ್ತಪ್ರತಿ ತೆಗೆದೆ. ವಿಷಯ: ಟಿಬೆಟ್ ಪ್ರಶ್ನೆಯಲ್ಲಿ ಭಾರತದ ಪಾತ್ರ. ಹನ್ನೆರಡನೇ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು. 1954ರ ವ್ಯಾಪಾರ ಒಪ್ಪಂದದಲ್ಲೇ ಭಾರತ 'ಚೀನಾದ ಟಿಬೆಟ್ ಪ್ರದೇಶ' ಎಂದು ಒಪ್ಪಿ ಸಹಿ ಹಾಕಿದೆ. ಕೆಳಗೆ ಕೆಂಪು ಗೆರೆ ಬೇರೆ!

ಗೆರೆ ಎಳೆದವನೇ ಮರೆತದ್ದು ಹೇಗೆ? ಆಶ್ರಯ ಕೊಟ್ಟದ್ದು, ಮುಂಡಗೋಡದಲ್ಲಿ ಹೊಲ ಕೊಟ್ಟದ್ದು ಸ್ವಚ್ಛವಾಗಿ ನೆನಪಿತ್ತು. ಮುಜುಗರದ ಪುಟವನ್ನು ಮಾತ್ರ ತಲೆ ತಾನೇ ಹರಿದು ಹಾಕಿತ್ತೆ? ಹಾಗಾದರೆ ಇಷ್ಟು ವರ್ಷ ಇದೇ ತಲೆಯನ್ನು ನಂಬಿ ಇನ್ನೇನೇನು ಬರೆದಿದ್ದೇನೆ?

ತಿದ್ದುಪಡಿ ಹಾಕುವುದು ಸುಲಭ. ಆದರೆ ಪೆಮಾ ಅವರ ಅಪ್ಪನಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೆ ಹೇಳುವವರು ಯಾರು?

"ನನ್ ಕೈಲೆ ಆಗೂದಿಲ್ಲ ಸರ್, ನೀವ ಹೇಳ್ರಿ" ಎಂದರು ಪೆಮಾ. "ಬಂದೋರಿಗೆಲ್ಲ ಈ ಕಟಿಂಗ್ ತೋರಸ್ತಾರ ಅವರು."

ಅಂಗಡಿಯೊಳಗೆ ಅವರ ಅಪ್ಪ, ಹಣ್ಣಾದ ಅಜ್ಜ, ಸ್ಟೂಲಿನ ಮೇಲೆ ಕುಳಿತು ಜಪಮಾಲೆ ತಿರುಗಿಸುತ್ತಿದ್ದರು. 1959ರಲ್ಲಿ ಹಿಮ ದಾಟಿ ಬಂದವರು. ಮುಂಡಗೋಡಕ್ಕೆ ಬರುವ ಮೊದಲು ಹಿಮಾಲಯದಲ್ಲಿ ನಮ್ಮ ರಸ್ತೆಗಳಿಗೆ ಕಲ್ಲು ಒಡೆದವರು. ಆಮೇಲೆ ಗೋವಿನಜೋಳ ಮಾರುತ್ತ ಕನ್ನಡ ಮಾತು ಕಲಿತವರು.

"ಬರ್ರಿ, ಕುಂದರ್ರಿ" ಎಂದರು. ಕೂರಲಿಲ್ಲ. ನಿಂತೇ ತಪ್ಪು ಒಪ್ಪಿಕೊಂಡೆ.

ಅಜ್ಜ ನಕ್ಕರು. "ಗೊತ್ತೈತಿ. ಕಲ್ಲು ಒಡಿಯೂವಾಗ ನಮ್ಮ ಮಂದಿ ಹೇಳಿದ್ರು."

"ಮತ್ತೆ ಮೂರು ಸಲ ಓದಿಸಿದ್ದು?"

"ಐವತ್ನಾಕರ ಸಹಿ ಎಲ್ಲ್ಯಾದ್ರೂ ಬರತೈತೇನು ಅಂತ ಕಾದೆ."

ಪೆಮಾ ಕ್ಲಿಪ್ ಬಿಚ್ಚಿ, ಕಟಿಂಗನ್ನು ನನ್ನ ಕೈಗಿಟ್ಟರು.

"ಹೊಲ ಕೊಟ್ಟೋರೂ ನೀವ, ಸಹಿ ಮಾಡಿದೋರೂ ನೀವ" ಎಂದರು ಅಜ್ಜ. "ನನಗ ಎರಡೂ ನೆನಪೈತಿ. ನಿಮಗ ಒಂದ ಯಾಕ್ರೀ ನೆನಪು?"