ಎಂಬತ್ತು ಸೀರೆ, ಎಂಬತ್ತು ಪೊಟ್ಟಣ

೧೯೯೦ರ ಮೇ ತಿಂಗಳಲ್ಲಿ ಆಂಧ್ರದ ಕರಾವಳಿಗೆ ಚಂಡಮಾರುತ ಬಡಿದ ಮೇಲೆ ಕೌಸಲ್ಯಾ ದಿನವೂ ವಿಲೆ ಪಾರ್ಲೆಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಮಾಟುಂಗದ ಮಹಿಳಾ ಮಂಡಳಿಗೆ ಬರುತ್ತಿದ್ದಳು. ಗಂಡ ರಾಮಸ್ವಾಮಿ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿರಲಿಲ್ಲ. ಸಂತ್ರಸ್ತರಿಗೆಂದು ಜನ ಕೊಟ್ಟ ಹಳೆಯ ಸೀರೆಗಳನ್ನು ಒಗೆಯುವುದು, ಹರಿದ ಅಂಚು ಹೊಲಿಯುವುದು, ಇಸ್ತ್ರಿ ಮಾಡುವುದು ಅವಳ ಪಾಲಿಗೆ ಬಿದ್ದಿತ್ತು. ನಾಲ್ಕು ಗಂಟೆಗೆ ಉಳಿದವರೆಲ್ಲ ಮನೆಗೆ ಓಡುವರು.

"ನಿಮಗೇನ್ರೀ ಕೌಸಲ್ಯಾ, ಮಹಾರಾಣಿ! ಚಹಾ ಎಲ್ಲಿ ಅಂತ ಕೂಗೋರಿಲ್ಲ," ಎಂದು ವನಮಾಲಾ ಚಪ್ಪಲಿ ಮೆಟ್ಟುತ್ತ ನಗುತ್ತಿದ್ದಳು. ಕೌಸಲ್ಯಾಳೂ ನಗುತ್ತಿದ್ದಳು.

ಲಾರಿ ಹೊರಡುವ ಹಿಂದಿನ ದಿನ ಮೀನುಗಾರರ ಹಳ್ಳಿಯೊಂದಕ್ಕೆ ಎಂಬತ್ತು ಸೀರೆ ಸಿದ್ಧವಾದವು. "ಬರೀ ಸೀರೆ ಕೊಡಬಾರದು ಕಣ್ರೀ," ಎಂದು ಅಧ್ಯಕ್ಷೆ ಸುಮಿತ್ರಾ ಒಂದೊಂದರ ಮಡಿಕೆಯಲ್ಲೂ ಕುಂಕುಮದ ಪೊಟ್ಟಣ ಇಡಿಸಿ ಗಂಟು ಕಟ್ಟಿಸಿದಳು. ಆ ಕೆಲಸಕ್ಕೆ ಕೌಸಲ್ಯಾಳನ್ನು ಯಾರೂ ಕರೆಯಲಿಲ್ಲ. ಸೀರೆ ಪಡೆಯುವ ಹೆಂಗಸರ ವಿವರದ ಪಟ್ಟಿ ಹಳ್ಳಿಯಿಂದ ಬಂದು ಮೇಜಿನ ಮೇಲಿತ್ತು. ತೆಲುಗಿನದು. ಕೋಲಾರದಲ್ಲಿ ಬೆಳೆದು ತೆಲುಗು ಕಲಿತಿದ್ದ ಕೌಸಲ್ಯಾ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಕುಂಕುಮದ ವಿಷಯಕ್ಕೆ ತಾನು ಬಾಯಿ ಹಾಕಬಹುದೇ?

"ಸುಮಿತ್ರಾ," ಎಂದಳು ಕೊನೆಗೆ, "ಇವರೆಲ್ಲರ ಗಂಡಂದಿರೂ ದೋಣಿ ಮುಳುಗಿ ಹೋದವರು."



"ಅಯ್ಯಯ್ಯೋ, ತೆಗೀಬೇಕಲ್ಲ!" ಎಂದಳು ಸುಮಿತ್ರಾ. ಆದರೆ ಯಾರ ಕೈಯೂ ಮುಂದೆ ಬರಲಿಲ್ಲ. ಕೊಡಲೆಂದು ಇಟ್ಟ ಕುಂಕುಮವನ್ನು ಮುತ್ತೈದೆ ಹಿಂದಕ್ಕೆ ತೆಗೆಯುವುದುಂಟೆ?

"ನೀವೇ ತೆಗೆದುಬಿಡ್ರೀ ಕೌಸಲ್ಯಾ," ವನಮಾಲಾ ಮೆಲ್ಲಗೆ ಹೇಳಿದಳು. "ನಿಮಗಾದ್ರೆ ದೋಷ ಇಲ್ಲ."

ನಾಲ್ಕಾಯಿತು. ಅವರು ಹೋದರು.

ಮೊದಲ ಪೊಟ್ಟಣ ಕೈಗೆ ಬಂದಾಗ ಕೌಸಲ್ಯಾ ಅದನ್ನು ಬೆರಳ ನಡುವೆ ತಿರುಗಿಸಿ ನೋಡಿದಳು. ಗಂಡ ತೀರಿಕೊಂಡಾಗ ಅತ್ತೆಮನೆಯ ಮುದುಕಿಯೊಬ್ಬಳು ಹೆಬ್ಬೆರಳಿನಿಂದ ತನ್ನ ಹಣೆಯ ಕುಂಕುಮ ಉಜ್ಜಿದ್ದು ನೆನಪಾಯಿತು. ಅಂದು ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ. ಇಂದು ಎಂಬತ್ತು ಹೆಂಗಸರ ಪರವಾಗಿ ತಾನೇ ಬೇಡ ಎಂದುಬಿಟ್ಟಿದ್ದಳು.

ಒಂದೊಂದೇ ಗಂಟು ಬಿಚ್ಚಿ, ಪೊಟ್ಟಣ ತೆಗೆದು, ಮತ್ತೆ ಕಟ್ಟಿದಳು. ಎಲ್ಲ ಪೊಟ್ಟಣಗಳನ್ನೂ ಒಂದು ರಟ್ಟಿನ ಡಬ್ಬಕ್ಕೆ ತುಂಬಿ ಮೇಲೆ ತೆಲುಗಿನಲ್ಲಿ ಬರೆದಳು: 'ಬೇಕೆನಿಸಿದವರು ತೆಗೆದುಕೊಳ್ಳಿ.' ಡಬ್ಬವನ್ನು ಗಂಟುಗಳ ಜೊತೆಗೇ ಇಟ್ಟಳು.

ತನಗೆಂದು ಒಂದನ್ನು ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಪಾರ್ಲೆಯ ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಆದರೂ ನಲ್ಲಿಯ ಕೆಳಗೆ ಕೈ ತೊಳೆದು, ಉಗುರಿನ ಸಂದಿಗೆ ಹತ್ತಿದ್ದ ಕೆಂಪನ್ನೂ ಉಜ್ಜಿಕೊಂಡು, ಸ್ಟೇಷನ್ನಿಗೆ ನಡೆದಳು.