ಗುಬ್ಬಿಯ ಸುಕ್ಕುಗಲ್ಲು

ಆಗಿನ್ನೂ ನಯಾಪೈಸೆ ಬಂದ ಹೊಸತು. ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರು ಬಿಟ್ಟು ತುಮಕೂರಿನಲ್ಲಿ ಇಳಿದಾಗ ನನ್ನ ಹತ್ತಿರ ಇದ್ದುದು ಒಂದು ಸುತ್ತಿಗೆ, ಒಂದು ದಿಕ್ಸೂಚಿ, ಒಂದು ಡಬ್ಬಿ ಕೆಂಪು ಬಣ್ಣ. ನಾನು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಹಂಗಾಮಿ ನೌಕರ. ನಮ್ಮ ಮೇಷ್ಟ್ರಿಗೆ ಒಂದು ಹುಚ್ಚು. ಹಿಂದೊಂದು ಕಾಲದಲ್ಲಿ ನೆಲಗಳೆಲ್ಲ ಬಂದು ಡಿಕ್ಕಿ ಹೊಡೆದು ಒಂದೇ ಮಹಾಖಂಡವಾದವಂತೆ. ಡಿಕ್ಕಿಯಾದ ಕಡೆ ಬೆಟ್ಟ ಎದ್ದವಂತೆ. ಬೆಟ್ಟ ಸವೆದರೂ ಬುಡದ ಕಲ್ಲಿನಲ್ಲಿ ಸುಕ್ಕು ಉಳಿಯಿತಂತೆ. ಆಮೇಲೆ ಖಂಡ ಒಡೆದು ದೂರ ಹೋದರೂ ಸಮುದ್ರದ ಆಚೆಗೂ ಈಚೆಗೂ ಆ ಸುಕ್ಕಿನ ಗೆರೆ ಕೂಡುತ್ತದಂತೆ. ಮಿಕ್ಕ ಅಧ್ಯಾಪಕರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು.

ಸೋಮವಾರ ಅವರೆದುರು ಮೇಷ್ಟ್ರ ಭಾಷಣ. ಉತ್ತರ ದಿಕ್ಕಿನ ಗುರುತು ಹಾಕಿದ ಸುಕ್ಕುಗಲ್ಲು ತಂದರೆ ನನ್ನನ್ನು ಖಾಯಂ ಮಾಡಲು ಶಿಫಾರಸು, ತರದಿದ್ದರೆ ಇಲ್ಲ. ಹೆಣ್ಣಿನ ಕಡೆಯವರು ನಾನು ಖಾಯಂ ಆಗಲೆಂದೇ ಮದುವೆ ನಿಲ್ಲಿಸಿಕೊಂಡು ಕೂತಿದ್ದರು.

ಎರಡು ತಟ್ಟೆ ಇಡ್ಲಿ ತಿಂದು ರೈಲಿನಲ್ಲಿ ಗುಬ್ಬಿಗೆ ಹೋದೆ. ಅಲ್ಲಿಂದ ಎರಡು ಮೈಲಿ ಕಾಲ್ನಡಿಗೆ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಬಂಡೆಯೇನೋ ಸಿಕ್ಕಿತು, ಒದ್ದು ಸರಿಸಿದ ಕಂಬಳಿಯ ಹಾಗೆ ಸುಕ್ಕುಸುಕ್ಕಾಗಿ. ಆದರೆ ನನ್ನ ಸುತ್ತಿಗೆಗೆ ಒಂದು ಚೂರೂ ಏಳಲಿಲ್ಲ. ಪಕ್ಕದಲ್ಲಿ ಒರಳು ಕೆತ್ತುತ್ತಿದ್ದ ದೊಡ್ಡಯ್ಯ ಎನ್ನುವ ಕಲ್ಲುಕುಟಿಗ ನನ್ನ ಪಾಡು ನೋಡಲಾರದೆ ಎದ್ದು ಬಂದ.

“ಇದು ಸೊಟ್ಟ ಕಲ್ಲು ಸ್ವಾಮಿ, ಒರಳಿಗೂ ಆಗಲ್ಲ, ಹೊಸ್ತಿಲಿಗೂ ಆಗಲ್ಲ. ಒಳ್ಳೇದು ಕೊಡ್ತೀನಿ ಬುಡಿ,” ಎಂದ.

ನನಗೆ ಸೊಟ್ಟ ಕಲ್ಲೇ ಬೇಕು ಎಂದೆ. ಅಯ್ಯೋ ಪಾಪ ಎಂದುಕೊಂಡಿರಬೇಕು, ಉಳಿ ಹಾಕಿ ಒಂದು ತುಂಡು ಎಬ್ಬಿಸಿಕೊಟ್ಟ. ಎಬ್ಬಿಸುವ ಮೊದಲೇ ಅದರ ಮೇಲೆ ದಿಕ್ಸೂಚಿ ಇಟ್ಟು ಉತ್ತರಕ್ಕೆ ಕೆಂಪು ಬಾಣ ಬರೆದಿದ್ದೆ. ಬಾಣವಿದ್ದರೆ ತಾನೇ ನೆಲ ಯಾವ ಕಡೆಯಿಂದ ಒತ್ತಿತೆಂದು ಹೇಳುವುದು!

ಕುಣಿಗಲ್ಲಿನಿಂದಲೂ ಒಂದು ಚೂರು ಬೇಕಿತ್ತು, ಹೋಲಿಸಿ ನೋಡಲು. ದೊಡ್ಡ ಕಲ್ಲನ್ನು ದೊಡ್ಡಯ್ಯನ ಹತ್ತಿರ ಬಿಟ್ಟು ಮಾರನೆಯ ದಿನ ತುಮಕೂರಿಗೆ ಬಂದು ಗೂಳೂರಿನ ಮೇಲೆ ಕುಣಿಗಲ್ ಬಸ್ಸು ಹಿಡಿದೆ. ಅಲ್ಲಿ ಕೆರೆ ಏರಿಯ ಹತ್ತಿರ ಕಲ್ಲು ಆರಿಸುತ್ತಿದ್ದ ನನ್ನನ್ನು ನೋಡಿದ ಒಬ್ಬ ಹಿರಿಯರು, ಏನು ಕಳೆದುಕೊಂಡಿರಿ ಎಂದು ಕೇಳಿ, ತಾವೂ ಅರ್ಧ ಗಂಟೆ ಹುಡುಕಿದರು.

ಶನಿವಾರ ಗುಬ್ಬಿಗೆ ಮರಳಿದೆ. ದೊಡ್ಡಯ್ಯ ಹೆಮ್ಮೆಯಿಂದ ಗೋಣಿ ಸರಿಸಿದ. ಕಲ್ಲು ನಾಲ್ಕೂ ಕಡೆ ಚೌಕವಾಗಿ, ಮೇಲೆ ಕನ್ನಡಿಯಂತೆ ನುಣುಪಾಗಿ ಕೂತಿತ್ತು.

“ನಮ್ಮ ಕೈಯಿಂದ ಹೋಗೋ ಕಲ್ಲು ಹಂಗೇ ಹೋದ್ರೆ ನಾಕು ಜನ ಏನಂದಾರು? ಅದೇನೋ ಕೆಂಪು ಬಣ್ಣ ಬೇರೆ ಮೆತ್ಕೊಂಡಿತ್ತು. ಅದ್ನೂ ಉಜ್ಜಿ ತೆಗ್ದಿವ್ನಿ.”

ಕೆಲಸವೂ ಹೋಯಿತು, ಹೆಣ್ಣೂ ಹೋದಳು ಎಂದು ಅಲ್ಲೇ ಕುಕ್ಕರಿಸಿದೆ. ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ಬೈದೆ ಕೂಡ. ಅವನು ಕಲ್ಲನ್ನು ಹೆಗಲಿಗೇರಿಸಿ ಬಂಡೆಯ ಕಡೆ ನಡೆದ. ಎಬ್ಬಿಸಿದ ಗುಂಡಿಯಲ್ಲಿ ಅದನ್ನು ಇಳಿಸಿ, ಮಂಡಿಯೂರಿ, ಅತ್ತ ಒಂದಿಷ್ಟು ಇತ್ತ ಒಂದಿಷ್ಟು ತಿರುಗಿಸಿದ. ಅಂಚು ಕೆತ್ತಿದ್ದರಿಂದ ಸುತ್ತ ಹೆಬ್ಬೆರಳಗಲದ ಸಂದು.

“ಸಂದು ಬಿದ್ರೇನು ಸ್ವಾಮಿ? ಗೆರೆ ಎಲ್ಲಿಗೆ ಹೋಗ್ತದೆ? ಈ ಕಡೆಯಿಂದ ಹೊಂಟಿದ್ದು ಆ ಕಡೆ ಸೇರ್ಲೇಬೇಕು. ನೋಡಿ, ಕೂತ್ಕೊಳ್ತು.”

ಬಗ್ಗಿ ನೋಡಿದೆ. ಬಿಳಿ ಗೆರೆ ಬಿಳಿ ಗೆರೆಗೆ, ಕಪ್ಪು ಕಪ್ಪಿಗೆ, ಸಂದಿನ ಆಚೆಗೂ ಈಚೆಗೂ ಕೂಡಿತ್ತು. ಮೇಷ್ಟ್ರು ಎರಡು ವರ್ಷ ಹೇಳಿದರೂ ನನ್ನ ತಲೆಗೆ ಹೋಗದ ಪಾಠ ಅದು. ನಾಚಿಕೆಯಾಯಿತು. ಬೈದದ್ದು ತಪ್ಪಾಯಿತೆಂದೆ, ಅದು ಅಲ್ಲಿ ಕೂತಿದ್ದ ಹಾಗೇ ದಿಕ್ಸೂಚಿ ಇಟ್ಟು ಹೊಸದಾಗಿ ಬಾಣ ಬರೆದುಕೊಂಡು ಸಂಜೆಯ ರೈಲು ಹತ್ತಿದೆ.

ಸೋಮವಾರ ಬೆಳಿಗ್ಗೆ ಮೇಷ್ಟ್ರ ಮುಂದೆ ಕಲ್ಲಿಟ್ಟು ನಡೆದದ್ದನ್ನೆಲ್ಲ ಒಪ್ಪಿಸಿದೆ. ಕಲ್ಲಿಗೆ ಅಂಟಿಸುವ ಚೀಟಿಯಲ್ಲಿ, ಸಂಗ್ರಹಿಸಿದವರು ಎಂಬಲ್ಲಿ, ನಾನು ನನ್ನ ಹೆಸರು ಬರೆದಿದ್ದೆ. ಅವರು ಅದನ್ನು ಹೊಡೆದುಹಾಕಿ ದೊಡ್ಡಯ್ಯನ ಹೆಸರು ಬರೆದರು. ನನ್ನ ಶಿಫಾರಸು ಪತ್ರಕ್ಕೆ ರುಜು ಹಾಕಿದರು. ಆಮೇಲೆ ಅದೇನೋ ನೆನಪಾದವರಂತೆ ಚೀಟಿಯನ್ನು ಮತ್ತೆ ಎಳೆದುಕೊಂಡು, ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಸೇರಿಸಿದರು: ಹೊತ್ತು ತಂದವನು.